ಹೊಂಗೆ ಮರದಡಿ ನಾಲ್ಕು ಭಾನುವಾರ: ಬೀದಿ ಮರದ ನಂಟಿನ ನಕ್ಷೆ ಬರೆಯುವುದು ಹೇಗೆ?

ಏಪ್ರಿಲ್ ಬಂತೆಂದರೆ ಜಯನಗರದ ನಮ್ಮ ಬೀದಿಯಲ್ಲಿ ಕಸ ಗುಡಿಸುವವರಿಗೆ ಕೆಲಸ ಜಾಸ್ತಿ. ರಾತ್ರಿಯಿಡೀ ಹೊಂಗೆ ಹೂ ಉದುರಿ ಬೆಳಗಾಗುವಷ್ಟರಲ್ಲಿ ಸ್ಕೂಟರ್ ಸೀಟಿನ ಮೇಲೂ ತಿಳಿ ನೇರಳೆ ಚಾಪೆ ಹಾಸಿರುತ್ತದೆ. ಎರಡು ತಿಂಗಳ ಹಿಂದೆ ಇದೇ ಮರ ಎಲೆ ಉದುರಿಸುತ್ತಿತ್ತು. ಯುಗಾದಿ ಹೊತ್ತಿಗೆ ಎಣ್ಣೆ ಸವರಿದಂತೆ ಮಿನುಗುವ ಹೊಸ ಚಿಗುರು ಬಂತು. ಈಗ ಹೂವಿಗೆ ಜೇನು, ಎಲೆಗೆ ಹುಳ, ಹುಳಕ್ಕೆ ಹಕ್ಕಿ.

ಶಾಲೆಯಲ್ಲಿ ‘ಪರಿಸರ ವ್ಯವಸ್ಥೆ’ ಅಂತ ಓದಿದ್ದು ಇದನ್ನೇ. ಆದರೆ ಪಾಠದ ಚಿತ್ರದಲ್ಲಿ ಹುಲ್ಲು, ಜಿಂಕೆ, ಹುಲಿ ಇರುತ್ತಿದ್ದವು. ಹಾಗಾಗಿ ಅದೆಲ್ಲ ಬಂಡೀಪುರದ ವಿಷಯ ಅಂದುಕೊಂಡೇ ಬೆಳೆದೆವು. ಎಕೋಸಿಸ್ಟಮ್ ಎಂಬ ಪದವನ್ನು 1935ರಲ್ಲಿ ಬಳಕೆಗೆ ತಂದವರು ಇಂಗ್ಲೆಂಡಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ. ಜೀವಿಗಳನ್ನೂ ಅವುಗಳ ಸುತ್ತಲಿನ ಮಣ್ಣು, ನೀರು, ಗಾಳಿಯನ್ನೂ ಒಟ್ಟಿಗೆ ಸೇರಿಸಿ ನೋಡಬೇಕು ಎಂಬುದು ಅವರ ಮಾತು. ಹಾಗೆ ನೋಡಲು ಕಾಡೇ ಆಗಬೇಕಿಲ್ಲ. ಮನೆ ಮುಂದಿನ ಒಂದು ಮರ ಸಾಕು, ನಾಲ್ಕು ಭಾನುವಾರ ಬೇಕು.

ಬೇಕಾದ ಸಾಮಾನು: ಗೆರೆ ಇಲ್ಲದ ಒಂದು ನೋಟ್‌ಬುಕ್, ಪೆನ್ಸಿಲ್, ನಾಲ್ಕು ಮೀಟರ್ ದಾರ, ಈರುಳ್ಳಿ ತುಂಬಿ ಬರುವ ಎರಡು ಬಲೆ ಚೀಲ, ಅಡುಗೆಮನೆಯ ತೂಕದ ಯಂತ್ರ. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲ್ ಕ್ಯಾಮೆರಾ ಆದೀತು.

ಮರ ಆರಿಸಿ

ನಡೆದು ಎರಡು ನಿಮಿಷದಲ್ಲಿ ಸಿಗುವ ಮರವೇ ಒಳ್ಳೆಯ ಮರ. ದೂರದ ಮರವಾದರೆ ಎರಡನೇ ವಾರಕ್ಕೇ ಉತ್ಸಾಹ ಇಳಿಯುತ್ತದೆ. ಹೊಂಗೆ, ಬೇವು, ಅತ್ತಿ, ಅರಳಿ, ಮಾವು ಯಾವುದಾದರೂ ಸರಿ. ಬುಡದಲ್ಲಿ ಒಂದಿಷ್ಟಾದರೂ ಮಣ್ಣು ಕಾಣುತ್ತಿರಬೇಕು, ಅಷ್ಟೇ. ಹೆಜ್ಜೇನು ಕಟ್ಟಿರುವ ಮರ ಬೇಡ. ಮಕ್ಕಳ ಜೊತೆ ಹೋಗುವುದಾದರೆ ಮೊದಲು ಕೊಂಬೆಗಳನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಿ.

ಪುಟದ ನಡುವೆ ಮರದ ಹೆಸರು ಬರೆದು ಸುತ್ತ ಜಾಗ ಬಿಡಿ. ಕಂಡ ಪ್ರತಿ ಜೀವಿಗೂ ಒಂದು ವೃತ್ತ. ಯಾರಿಂದ ಯಾರಿಗೆ ಊಟ ಹೋಗುತ್ತದೋ ಆ ಕಡೆಗೆ ಬಾಣ. ಎಲೆಯನ್ನು ಹುಳ ತಿಂದರೆ ಬಾಣದ ತುದಿ ಹುಳದ ಕಡೆಗೆ ಇರಬೇಕು. ಇಲ್ಲೇ ಎಲ್ಲರೂ ತಪ್ಪುವುದು. ತಿನ್ನುವವನಿಂದ ತಿನಿಸಿನ ಕಡೆಗೆ ಬಾಣ ಹಾಕಿಬಿಡುತ್ತಾರೆ.

ಹೆಸರು ಗೊತ್ತಿಲ್ಲ ಎಂಬ ಅಳುಕು ಬೇಡ. ‘ಕೆಂಪು ಚುಕ್ಕೆಯ ಹುಳ’ ಅಂತ ಬರೆದರೂ ನಡೆಯುತ್ತದೆ. ಐವತ್ತು ಹಕ್ಕಿಗಳ ಹೆಸರು ಬರೆದುಕೊಂಡು ಒಂದೂ ಬಾಣ ಇಲ್ಲದ ಪುಟಕ್ಕಿಂತ, ಐದು ವೃತ್ತಗಳ ನಡುವೆ ಏಳು ಬಾಣ ಇರುವ ಪುಟದಿಂದ ತಿಳಿಯುವುದು ಜಾಸ್ತಿ. ಹೆಸರನ್ನು ಆಮೇಲೆ ಯಾರನ್ನಾದರೂ ಕೇಳಿ ತಿಳಿಯಬಹುದು. ಯಾರು ಏನು ತಿಂದರು ಎಂಬುದನ್ನು ಆ ಕ್ಷಣದಲ್ಲಿ ನೀವೇ ಕಾಣಬೇಕು.

ಮೊದಲ ಭಾನುವಾರ: ಎಲೆ ಮತ್ತು ಹೂ

ಬೆಳಗ್ಗೆ ಏಳರ ಹೊತ್ತಿಗೆ ಹೋಗಿ. ಕೈಗೆಟುಕುವ ಹತ್ತು ಎಲೆಗಳನ್ನು ಕೀಳದೆ ನೋಡಿ. ಅಂಚು ಕಡಿದಿದೆಯಾ? ತೂತು ಬಿದ್ದಿದೆಯಾ? ಮೇಲೆ ಬಿಳಿ ಗೆರೆ ಹಾವಿನಂತೆ ಹರಿದಿದೆಯಾ? ಆ ಗೆರೆ ಎಂದರೆ ಎಲೆಯ ಎರಡು ಪದರಗಳ ನಡುವೆ ಸುರಂಗ ಕೊರೆದು ಬದುಕುವ ಮರಿಹುಳ.

ಹೊಂಗೆ ಎಲೆಯ ಮೇಲೆ ಬೆರಳ ತುದಿಯಂತೆ ಎದ್ದ ಗಂಟುಗಳು ಕಂಡರೆ ಅದು ನುಸಿಯ ಕೆಲಸ. ತೆಂಗಿನ ತೋಟದವರಿಗೆ ಈ ಹೆಸರು ಕೇಳಿದರೇ ಸಂಕಟ. ಆ ನುಸಿಯದೇ ವಂಶದ ಇನ್ನೊಂದು ಜೀವಿ ಇದು. ಕಣ್ಣಿಗೆ ಕಾಣದಷ್ಟು ಚಿಕ್ಕದು. ಅದರ ಕಾಟಕ್ಕೆ ಎಲೆಯೇ ಉಬ್ಬಿ ಗಂಟಾಗುತ್ತದೆ, ಆ ಗಂಟಿನೊಳಗೇ ನುಸಿಗೆ ಮನೆ, ಊಟ ಎರಡೂ. ಗಂಟು ಇದ್ದರೂ ಮರ ಸಾಯುವುದಿಲ್ಲ, ಹೆದರಬೇಡಿ.

ಹೊಂಗೆ ಎಲೆ, ಕಾಯಿ ಕಹಿ. ಆ ಕಹಿಯೇ ಅದರ ಕಾವಲು. ಆದರೂ ಕೆಲವು ಜೀವಿಗಳು ಆ ಕಹಿಗೆ ಒಗ್ಗಿಕೊಂಡಿವೆ. ಕಾಮನ್ ಬ್ಯಾಂಡೆಡ್ ಆಲ್ ಎಂಬ ಕಂದು ಚಿಟ್ಟೆ ಮೊಟ್ಟೆ ಇಡಲು ಹುಡುಕಿಕೊಂಡು ಬರುವುದೇ ಹೊಂಗೆಯ ಎಳೆ ಚಿಗುರನ್ನು. ಬೇರೆಯವರು ಮುಟ್ಟದ ಎಲೆ ತನ್ನ ಮರಿಗೆ ಸಿಕ್ಕರೆ ಪೈಪೋಟಿ ಕಡಿಮೆ, ಅಲ್ವಾ?

ಆಮೇಲೆ ಹೂವಿನ ಕಡೆ ನೋಡಿ. ಹತ್ತು ನಿಮಿಷ ಒಂದೇ ಗೊಂಚಲನ್ನು ನೋಡುತ್ತಾ ಯಾರು ಬಂದರು ಎಂದು ಗೀಟು ಹಾಕಿ. ತುಡುವೆ ಜೇನು, ಕೋಲು ಜೇನು, ದಪ್ಪನೆಯ ಕಪ್ಪು ದುಂಬಿ. ಇಲ್ಲಿ ಬಾಣಕ್ಕೆ ಎರಡು ತುದಿ. ಮರದಿಂದ ಜೇನಿಗೆ ಮಕರಂದ ಹೋಗುತ್ತದೆ. ಜೇನಿನಿಂದ ಮರಕ್ಕೆ ಪರಾಗ ಸಾಗಿಸುವ ಸೇವೆ ಬರುತ್ತದೆ.

ಎರಡನೇ ಭಾನುವಾರ: ಇರುವೆ ಸಾಲಿನ ಹಿಂದೆ ಹೋಗಿ

ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಕಾಂಡದ ಮೇಲೆ ಇರುವೆ ಸಾಲು ಕಂಡರೆ ಸುಮ್ನೆ ಅದರ ಜೊತೆ ಕಣ್ಣು ಓಡಿಸಿ. ಮರದಲ್ಲಿ ಸಿಗದಿದ್ದರೆ ಮನೆಯ ದಾಸವಾಳ ಗಿಡ ನೋಡಿ. ಸಾಲು ಹೆಚ್ಚಾಗಿ ಎಳೆ ಕುಡಿಯ ಹತ್ತಿರ ಬಿಳಿ ಹಿಟ್ಟು ಮೆತ್ತಿದಂಥ ಜಾಗಕ್ಕೆ ಹೋಗುತ್ತದೆ. ಅದು ಹಿಟ್ಟುತಿಗಣೆ. ಗಿಡದ ರಸ ಹೀರುತ್ತದೆ. ರಸದಲ್ಲಿ ಸಕ್ಕರೆ ಜಾಸ್ತಿ, ಅದಕ್ಕೆ ಬೇಕಾದ ಬೇರೆ ಸತ್ವ ಕಡಿಮೆ. ಹಾಗಾಗಿ ತುಂಬಾ ರಸ ಕುಡಿದು, ಮಿಕ್ಕ ಸಕ್ಕರೆಯನ್ನು ಸಿಹಿ ಅಂಟಾಗಿ ಹೊರಗೆ ಬಿಡುತ್ತದೆ. ಇರುವೆ ಬರುವುದು ಆ ಸಿಹಿಗೆ. ಬದಲಿಗೆ ಇರುವೆ ಕಾವಲು ಕಾಯುತ್ತದೆ. ತಿಗಣೆಯನ್ನು ತಿನ್ನಲು ಗುಲಗಂಜಿ ಹುಳ ಬಂದರೆ ಓಡಿಸುತ್ತದೆ.

ಈಗ ಪುಟದಲ್ಲಿ ನಾಲ್ಕು ವೃತ್ತ ಆಯಿತು: ಗಿಡ, ತಿಗಣೆ, ಇರುವೆ, ಗುಲಗಂಜಿ ಹುಳ. ಇರುವೆ ಗಿಡವನ್ನು ಕಚ್ಚುವುದೇ ಇಲ್ಲ, ಆದರೂ ಅದರಿಂದ ಗಿಡಕ್ಕೆ ನಷ್ಟ. ಗುಲಗಂಜಿ ಹುಳ ಎಲೆ ತಿನ್ನುವುದಿಲ್ಲ, ಆದರೆ ಅದರಿಂದ ಗಿಡಕ್ಕೆ ಲಾಭ. ಇಂಥ ಸುತ್ತುಬಳಸಿನ ನಂಟಿಗೆ ಚುಕ್ಕೆ ಗೆರೆಯ ಬಾಣ ಹಾಕಿ.

ಈ ಗೆರೆಗಳು ನನಗೆ ಮೊದಲೇ ಗೊತ್ತಿದ್ದರೆ ಒಂದು ತಪ್ಪು ಮಾಡುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ದಾಸವಾಳಕ್ಕೆ ಹಿಟ್ಟುತಿಗಣೆ ಬಂತೆಂದು ಔಷಧಿ ಹೊಡೆದೆ. ಮೂರೇ ದಿನದಲ್ಲಿ ಗುಲಗಂಜಿ ಹುಳಗಳು ಕುಂಡದ ಸುತ್ತ ಸತ್ತು ಬಿದ್ದಿದ್ದವು. ತಿಗಣೆಗೆ ಮೈಮೇಲೆ ಮೇಣದ ಹೊದಿಕೆ ಇದೆ, ಔಷಧಿ ಸುಲಭಕ್ಕೆ ತಾಗುವುದಿಲ್ಲ. ತಿಂಗಳು ಕಳೆಯುವುದರಲ್ಲಿ ಮೊದಲಿಗಿಂತ ಹೆಚ್ಚು ತಿಗಣೆ. ತಿನ್ನುವವರನ್ನು ನಾನೇ ಕೊಂದಿದ್ದೆ. ಆ ಸತ್ತ ಹುಳಗಳನ್ನು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ಇದೇ ಕಥೆ ದೊಡ್ಡದಾಗಿ ನಮ್ಮ ರೈತರ ಹೊಲದಲ್ಲೂ ನಡೆದಿದೆ. 2008ರಲ್ಲಿ ಕೊಯಮತ್ತೂರಿನ ಕಡೆ ಪಪ್ಪಾಯ ಹಿಟ್ಟುತಿಗಣೆ ಕಾಣಿಸಿಕೊಂಡಿತು. ಅದರ ಮೂಲ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ. ಇಲ್ಲಿಗೆ ಅದು ಬಂತು, ಅದನ್ನು ಹತೋಟಿಯಲ್ಲಿಡುವ ಶತ್ರು ಬರಲಿಲ್ಲ. ಪಪ್ಪಾಯ, ಹಿಪ್ಪುನೇರಳೆ, ಮರಗೆಣಸು ಎಲ್ಲಕ್ಕೂ ಹಬ್ಬಿತು. 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ಕೀಟ ಸಂಶೋಧನಾ ಸಂಸ್ಥೆ ಪೋರ್ಟೊರಿಕೊದಿಂದ ಮೂರು ಬಗೆಯ ಪುಟಾಣಿ ಕಣಜಗಳನ್ನು ತರಿಸಿತು. ಈಗ ಆ ಸಂಸ್ಥೆಯ ಹೆಸರು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ. ಈ ಕಣಜ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ, ಮರಿ ಒಳಗಿನಿಂದಲೇ ತಿಗಣೆಯನ್ನು ತಿಂದು ಮುಗಿಸುತ್ತದೆ. ಬೇರೆ ಬೆಳೆಗೂ ಜೀವಿಗೂ ತೊಂದರೆ ಇಲ್ಲವೆಂದು ಪರೀಕ್ಷಿಸಿ ಹೊಲಗಳಲ್ಲಿ ಬಿಟ್ಟರು. ಪಿಡುಗು ಹತೋಟಿಗೆ ಬಂತು. ನಕ್ಷೆಯಲ್ಲಿ ತಪ್ಪಿಹೋಗಿದ್ದ ಒಂದು ಬಾಣವನ್ನು ಮತ್ತೆ ಹಾಕಿದ ಕೆಲಸ ಅದು.

ಹತ್ತಿರ ಅತ್ತಿ ಮರ ಇದ್ದರೆ ಇದೇ ದಿನ ಅದನ್ನೂ ನೋಡಿ ಬನ್ನಿ. ಅತ್ತಿ ಹಣ್ಣು ಬಿಡಿಸಿದರೆ ಹುಳ ಎಂದು ಊರಲ್ಲಿ ಆಡಿಕೊಳ್ಳುತ್ತಾರೆ. ಆ ‘ಹುಳ’ ಇಲ್ಲದಿದ್ದರೆ ಅತ್ತಿಯ ಸಂತಾನವೇ ಇಲ್ಲ. ಅತ್ತಿಯ ಹೂ ಕಾಯಿಯ ಒಳಗೇ ಇರುತ್ತವೆ. ಸೊಳ್ಳೆಗಿಂತ ಚಿಕ್ಕದಾದ ಹೆಣ್ಣು ಕಣಜ ಕಾಯಿಯ ತುದಿಯ ಕಿರಿದಾದ ಬಾಯಿಯಿಂದ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಕಳಚುತ್ತದೆ. ತಂದ ಪರಾಗ ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಮರಿಗಳಲ್ಲಿ ಗಂಡಿಗೆ ರೆಕ್ಕೆ ಇಲ್ಲ. ಅದು ಹೊರದಾರಿ ಕೊರೆಯುತ್ತದೆ, ಹೆಣ್ಣುಗಳು ಹೊಸ ಪರಾಗ ಹೊತ್ತು ಹಾರುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಅವರ ತಂಡ ಅತ್ತಿ, ಕಣಜ, ಇರುವೆಗಳ ಈ ಸಂಸಾರವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದೆ. ನಮ್ಮೂರಲ್ಲೇ ಇಂಥ ಕೆಲಸ ನಡೆದಿದೆ ಎಂಬುದು ನನಗೆ ಹೆಮ್ಮೆ.

ಮೂರನೇ ಭಾನುವಾರ: ಬುಡಕ್ಕೆ ಬಗ್ಗಿ

ಈ ಭಾಗದ ಒಂದು ಕೆಲಸವನ್ನು ಮೊದಲ ವಾರವೇ ಶುರು ಮಾಡಿರಬೇಕು. ಬಿಸಿಲಿಗೆ ಒಣಗಿಸಿದ ಹೊಂಗೆ ಎಲೆಯನ್ನು ಸಮಸಮ ತೂಗಿ ಎರಡು ಬಲೆ ಚೀಲಕ್ಕೆ ತುಂಬಿ. ಒಂದನ್ನು ಮರದಡಿ ಮಣ್ಣಿನ ಮೇಲೆ ಇಟ್ಟು ತರಗೆಲೆ ಮುಚ್ಚಿ. ಇನ್ನೊಂದನ್ನು ತಾರಸಿಯ ಸಿಮೆಂಟಿನ ಮೇಲಿಡಿ. ನಾಲ್ಕನೇ ವಾರ ಎರಡನ್ನೂ ಮಣ್ಣು ಕೊಡವಿ, ಒಣಗಿಸಿ, ಮತ್ತೆ ತೂಗಿ. ನಡುವೆ ಒಂದೆರಡು ಮಳೆ ಬಿದ್ದರೆ ಫರಕು ಚೆನ್ನಾಗಿ ಕಾಣುತ್ತದೆ. ಮಳೆ ಬಾರದಿದ್ದರೆ ಚೀಲವನ್ನು ಇನ್ನೂ ಎರಡು ತಿಂಗಳು ಬಿಡಿ, ಆತುರ ಬೇಡ.

ಈ ವಾರ ದಾರದಿಂದ ಒಂದು ಮೀಟರ್ ಉದ್ದಗಲದ ಚೌಕ ಮಾಡಿ. ಮೇಲಿನ ಎಲೆಗಳನ್ನು ಕಡ್ಡಿಯಿಂದ ಪದರ ಪದರವಾಗಿ ಸರಿಸಿ. ಮೇಲೆ ಗರಿಗರಿ ಎಲೆ, ಕೆಳಗೆ ಜಾಲರಿಯಂತಾದ ಎಲೆ, ಅದರ ಕೆಳಗೆ ಎಲೆಯೋ ಮಣ್ಣೋ ಹೇಳಲಾಗದ ಕಪ್ಪು ಪುಡಿ. ಬಿಳಿ ನೂಲಿನಂತೆ ಹಬ್ಬಿರುವುದು ಶಿಲೀಂಧ್ರ. ಗೆದ್ದಲು, ಸಾವಿರ ಕಾಲಿನ ಹುಳ ಕಾಣಬಹುದು. ತೇವ ಇದ್ದರೆ ಎರೆಹುಳು. ನಕ್ಷೆಯಲ್ಲಿ ಪ್ರತಿ ವೃತ್ತದಿಂದಲೂ ಇವರ ಕಡೆಗೆ ಒಂದು ಬಾಣ ಬರಬೇಕು, ಇವರಿಂದ ಮಣ್ಣಿಗೆ, ಮಣ್ಣಿನಿಂದ ಮರಕ್ಕೆ. ಗದ್ದೆಗೆ ಹೊಂಗೆ ಸೊಪ್ಪು ಹಾಕುತ್ತಿದ್ದ ನಮ್ಮ ಹಿರಿಯರಿಗೆ ಈ ಬಾಣ ಚೆನ್ನಾಗಿ ಗೊತ್ತಿತ್ತು. ಹೊಂಗೆ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವಂತೆ ಮಾಡುತ್ತವೆ. ಹಾಗಾಗಿ ಆ ಸೊಪ್ಪು ಒಳ್ಳೆಯ ಗೊಬ್ಬರ.

ತರಗೆಲೆ ಗುಡ್ಡೆಗೆ ಬೆಂಕಿ ಇಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುವುದು ಇದಕ್ಕೇ. ಎಲೆಯ ಸಾರಜನಕ ಹೊಗೆಯಾಗಿ ಹೋಗುತ್ತದೆ. ಅದನ್ನು ಕೊಳೆಸಬೇಕಿದ್ದವರೂ ಸುಟ್ಟುಹೋಗುತ್ತಾರೆ.

ನಾಲ್ಕನೇ ಭಾನುವಾರ: ತಲೆ ಎತ್ತಿ

ಹಕ್ಕಿ ನೋಡುವವರೆಲ್ಲ ಇಲ್ಲಿಂದ ಶುರು ಮಾಡುತ್ತಾರೆ. ನಾನು ಕೊನೆಗೆ ಇಟ್ಟಿದ್ದೇನೆ. ಕೆಳಗಿನ ಊಟದ ಲೆಕ್ಕ ಸಿಕ್ಕ ಮೇಲೆ ಮೇಲಿನವರು ಯಾಕೆ ಬಂದರು ಎಂಬುದು ತಾನಾಗಿ ತಿಳಿಯುತ್ತದೆ.

ಒಣ ಕೊಂಬೆಯಲ್ಲಿ ದುಂಡನೆ ತೂತು ಇದ್ದರೆ ಚೆಂಬುಕುಟಿಗ ಕೊರೆದಿರಬಹುದು. ಅದು ಬಿಟ್ಟುಹೋದ ಪೊಟರೆಗೆ ಬೇರೆ ಸಣ್ಣ ಹಕ್ಕಿ ಬಂದು ಸೇರುತ್ತದೆ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟವೂ ಇಲ್ಲ ಲಾಭವೂ ಇಲ್ಲ. ಕಾಗೆ ಗೂಡು ಕಂಡರೆ ಹತ್ತಿರದಲ್ಲಿ ಕೋಗಿಲೆ ಇದೆಯಾ ನೋಡಿ. ಕೋಗಿಲೆ ಮೊಟ್ಟೆ ಕಾಗೆಯ ಮೊಟ್ಟೆಗಿಂತ ಬೇಗ ಒಡೆಯುತ್ತದೆ, ಮರಿ ಮೊದಲೇ ಬಾಯಿ ತೆರೆದು ಕೂರುತ್ತದೆ. ಕಾಗೆ ತುತ್ತಿಡುತ್ತಲೇ ಇರುತ್ತದೆ.

ಬಿಜ್ಜು ಎಂಬ ಬೇಟೆ ಹಕ್ಕಿ (ಶಿಕ್ರಾ) ಬಂದರೆ ಅದೃಷ್ಟ. ಅಳಿಲುಗಳು ಒಂದೇ ಸಮ ಕೂಗತೊಡಗಿದರೆ ಮೇಲೆ ನೋಡಿ. ಬಿಜ್ಜು ಒಂದೇ ಇರುತ್ತದೆ, ಹುಳಗಳು ಸಾವಿರ. ಇದಕ್ಕೆ ಕಾರಣವನ್ನು 1942ರಲ್ಲಿ ಅಮೆರಿಕದ ರೇಮಂಡ್ ಲಿಂಡೆಮನ್ ಕೆರೆಯೊಂದರ ಲೆಕ್ಕ ಹಾಕಿ ತೋರಿಸಿದರು. ಒಂದು ಮೆಟ್ಟಿಲಿನಿಂದ ಮೇಲಿನ ಮೆಟ್ಟಿಲಿಗೆ ಹೋಗುವಾಗ ಹೆಚ್ಚಿನ ಶಕ್ತಿ ಉಸಿರಾಟಕ್ಕೆ, ಓಡಾಟಕ್ಕೆ ಖರ್ಚಾಗುತ್ತದೆ. ಅಂದಾಜಿಗೆ ಹತ್ತರಲ್ಲಿ ಒಂದು ಪಾಲು ಉಳಿಯುತ್ತದೆ ಅಂದುಕೊಳ್ಳಿ. ಎಲೆಯಲ್ಲಿ 1000 ಪಾಲು ಇದ್ದರೆ ಹುಳಕ್ಕೆ 100, ಹುಳ ತಿನ್ನುವ ಹಕ್ಕಿಗೆ 10, ಬಿಜ್ಜಿಗೆ 1. ನಿಮ್ಮ ವೃತ್ತಗಳ ಪಕ್ಕ ಈ ಅಂಕಿ ಬರೆದು ನೋಡಿ.

ಗುರುತು ಹಾಕಿ, ಆಮೇಲೆ ಅಳಿಸಿ

ಮನೆಗೆ ಬಂದು ನಂಟುಗಳಿಗೆ ಗುರುತು ಕೊಡಿ. ಜೇನು-ಹೂ: ಎರಡೂ ಕಡೆ ಪ್ಲಸ್. ನುಸಿ-ಎಲೆ, ಕೋಗಿಲೆ-ಕಾಗೆ, ಗುಲಗಂಜಿ-ತಿಗಣೆ: ಒಂದು ಪ್ಲಸ್, ಒಂದು ಮೈನಸ್. ಪೊಟರೆ: ಪ್ಲಸ್, ಸೊನ್ನೆ. ಒಂದೇ ಪೊಟರೆಗೆ ಜಗಳವಾಡುವ ಎರಡು ಹಕ್ಕಿ: ಎರಡೂ ಕಡೆ ಮೈನಸ್.

ಈಗ ಪೆನ್ಸಿಲ್ಲಿನ ಒಂದು ವೃತ್ತ ಅಳಿಸಿ. ತರಗೆಲೆ ಅಳಿಸಿದರೆ ಯಾವ ಬಾಣಗಳು ಗಾಳಿಯಲ್ಲಿ ನಿಲ್ಲುತ್ತವೆ? ಒಣ ಕೊಂಬೆ ಕಡಿದರೆ? ಪಕ್ಕದ ಮರಕ್ಕೆ ತಾಗಿದ್ದ ಕೊಂಬೆ ಹೋದರೆ? ಈ ಕೊನೆಯ ಪ್ರಶ್ನೆ ಕಾಡುಪಾಪಕ್ಕೆ ಬದುಕಿನ ಪ್ರಶ್ನೆ. ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಇನ್ನೂ ಇರುವ ಈ ಪುಟ್ಟ ಪ್ರಾಣಿ ಜಿಗಿಯುವುದಿಲ್ಲ. ಕೊಂಬೆಯಿಂದ ಕೊಂಬೆಗೆ ಕೈ ಚಾಚಿ ನಿಧಾನವಾಗಿ ದಾಟುತ್ತದೆ.

ಮರ ಚಿಗುರುವುದು, ಹೂ ಬಿಡುವುದನ್ನು ವಾರವಾರ ದಾಖಲಿಸಬೇಕು ಅನ್ನಿಸಿದರೆ ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆಗೆ ನಿಮ್ಮ ಮರವನ್ನು ಸೇರಿಸಬಹುದು.

ನೋಟ್‌ಬುಕ್ ಎತ್ತಿಡುವ ಮುಂಚೆ ಕೊನೆಯ ಎರಡು ಪುಟ ಖಾಲಿ ಬಿಡಿ. ಮೇ ತಿಂಗಳಲ್ಲಿ ಜೋರು ಮಳೆ ಬಿದ್ದ ಸಂಜೆ ಮಣ್ಣಿನಿಂದ ರೆಕ್ಕೆ ಬಂದ ಗೆದ್ದಲು ಏಳುತ್ತವೆ. ಹಲ್ಲಿ, ಕಪ್ಪೆ, ಬಾವಲಿ, ಬೆಳಗ್ಗೆ ಕಾಜಾಣ, ಉದುರಿದ ರೆಕ್ಕೆ ಎಳೆದುಕೊಂಡು ಹೋಗುವ ಇರುವೆ ಎಲ್ಲ ಒಂದೇ ಊಟಕ್ಕೆ ಬರುತ್ತವೆ. ಒಂದು ಪುಟ ಸಾಲುವುದಿಲ್ಲ.