ಸಭೆ ನನ್ನದಾದದ್ದು ಹೇಗೆ

ಎರಡು ವರ್ಷ ನಾನು ಚರ್ಚಿನ ಸಭೆಗೆ ಹೋಗುತ್ತಿದ್ದೆ, ಆದರೆ ಸಭೆಯವಳಾಗಿರಲಿಲ್ಲ. ಕೆಲಸಕ್ಕಾಗಿ ಹೊಸ ಊರಿಗೆ ಬಂದಿದ್ದೆ. ಭಾನುವಾರ ಮೊದಲ ಹಾಡು ಶುರುವಾದ ಮೇಲೆ ಒಳಗೆ ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆ. ಕೊನೆಯ ಆಶೀರ್ವಾದಕ್ಕೆ ಎಲ್ಲರೂ ಕಣ್ಣು ಮುಚ್ಚಿದಾಗ ಎದ್ದು ಹೊರಟುಬಿಡುತ್ತಿದ್ದೆ. ಪ್ರಸಂಗ ಗಮನವಿಟ್ಟು ಕೇಳುತ್ತಿದ್ದೆ, ಕಾಣಿಕೆ ಹಾಕುತ್ತಿದ್ದೆ. ಆದರೂ ಮನೆಗೆ ಬಂದರೆ ಎದೆಯೊಳಗೆ ಏನೋ ಖಾಲಿ. ಇಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ ಅನ್ನುವುದು ನನ್ನ ದೂರು. ಮಾತಾಡಿಸಲು ನಾನು ಯಾರಿಗೂ ಎರಡು ನಿಮಿಷ ಕೊಟ್ಟಿರಲಿಲ್ಲ.

ಸೇವೆ ಮಾಡಿದರೆ ಸರಿಹೋಗಬಹುದು ಅನ್ನಿಸಿತು. ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳಲು ಒಪ್ಪಿಕೊಂಡೆ. ಒಂದು ವರ್ಷ ಚೆನ್ನಾಗಿಯೇ ಮಾಡಿದೆ. ಎಲ್ಲರಿಗೂ ನನ್ನ ಹೆಸರು ಗೊತ್ತಾಯಿತು. ಆದರೆ ಒಂಟಿತನ ಹೋಗಲಿಲ್ಲ. ಕೊಡುವವಳಾಗಿ ಇರುವಷ್ಟು ದಿನ ಯಾರೂ ನನ್ನ ಹತ್ತಿರ ಬರಬೇಕಾಗಿರಲಿಲ್ಲ. ನನಗೂ ಅದೇ ಬೇಕಾಗಿತ್ತು ಅನ್ನಿಸುತ್ತದೆ.

ಆಮೇಲೆ ಒಂದು ಸಂಜೆ ಮೆಟ್ಟಿಲಿಂದ ಬಿದ್ದು ಕಾಲಿನ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್. ಸಭೆಯ ಹಿರಿಯ ಅಮ್ಮ ಒಬ್ಬರು ಫೋನ್ ಮಾಡಿದರು.

"ಏನು ಬೇಕು ಹೇಳು ಮಗಳೇ, ಯಾರನ್ನಾದರೂ ಕಳಿಸ್ತೀನಿ."

"ಏನೂ ಬೇಡ ಅಮ್ಮ, ನಾನೇ ನೋಡ್ಕೊಳ್ತೀನಿ."

ನೋಡಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಂದು ಲೋಟ ನೀರು ತರಲು ಗೋಡೆ ಹಿಡಿದು ಕುಂಟಬೇಕಿತ್ತು. ಆದರೂ ಬೇಡ ಅಂದೆ. ಮರುದಿನ ಪಾಸ್ಟರ್ ಬಂದರು. ಉಪದೇಶ ಏನೂ ಮಾಡಲಿಲ್ಲ. ಸತ್ಯವೇದ, ಅಂದರೆ ಬೈಬಲ್ ತೆಗೆದು ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ಓದಿ, ಪ್ರಾರ್ಥಿಸಿ ಹೋದರು.

ಆ ಭಾಗ ನನಗೆ ಚಿಕ್ಕಂದಿನಿಂದ ಗೊತ್ತು. ಹಿಡಿದುಕೊಡಲ್ಪಡುವ ರಾತ್ರಿ ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾನೆ. ನಾವೂ ಹೀಗೆ ಸೇವೆ ಮಾಡಬೇಕು ಅಂತ ಮಕ್ಕಳಿಗೆ ಹೇಳಿಕೊಟ್ಟವಳೇ ನಾನು. ಆದರೆ ಆ ದಿನ ನನ್ನ ಕಣ್ಣು ಪೇತ್ರನ ಮೇಲೆ ನಿಂತಿತು. ನನ್ನ ಕಾಲು ನೀನು ತೊಳೆಯಲೇಬಾರದು ಅಂತ ಅವನು ಹಟ ಹಿಡಿಯುತ್ತಾನೆ. ಮೇಲ್ನೋಟಕ್ಕೆ ಅದು ವಿನಯ. ಯೇಸುವಿನ ಉತ್ತರ ನೋಡಿ: ತೊಳೆಯಲು ಬಿಡದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ. ಮೂರು ವರ್ಷದಿಂದ ನಾನು ಹುಡುಕುತ್ತಿದ್ದದ್ದು ಆ ಪಾಲನ್ನೇ ಅಲ್ವಾ? ಅದು ಸಿಗುವುದು ಕಾಲು ಚಾಚಿದವನಿಗೆ. ಸಂಜೆ ಆ ಅಮ್ಮನಿಗೆ ನಾನೇ ಫೋನ್ ಮಾಡಿ, "ಬೇಕು ಅಮ್ಮ, ಯಾರನ್ನಾದರೂ ಕಳಿಸಿ" ಅಂದೆ. ಅಷ್ಟು ಹೇಳುವುದರೊಳಗೆ ಗಂಟಲು ಕಟ್ಟಿತ್ತು.

ಜನ ಬಂದರು. ಒಬ್ಬರು ಬಟ್ಟೆ ಒಗೆದರು, ಇನ್ನೊಬ್ಬರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೂರನೇ ವಾರ ಬಂದ ಅಕ್ಕನ ಜೊತೆ ನನಗೆ ಮಾತು ಬಿಟ್ಟಿತ್ತು. ಪಾಠದ ಸಮಯದ ವಿಷಯಕ್ಕೆ ಇಬ್ಬರಿಗೂ ಜಗಳವಾಗಿತ್ತು. ಅವರು ಆ ವಿಷಯ ಎತ್ತಲೇ ಇಲ್ಲ. ಕುರ್ಚಿಯ ಮೇಲೆ ಕೂರಿಸಿ, ಬಕೆಟ್‌ಗೆ ತಲೆ ಬಾಗಿಸಿ, ಕೂದಲು ತೊಳೆದುಕೊಟ್ಟರು. ಕಣ್ಣಿಗೆ ನೊರೆ ಹೋಗದ ಹಾಗೆ ಹಣೆಗೆ ಅಂಗೈ ಅಡ್ಡ ಹಿಡಿದಿದ್ದರು. ಆ ಅಂಗೈ ನನಗೆ ಇವತ್ತಿಗೂ ನೆನಪಿದೆ. ಅವತ್ತು ನಾನು ಕ್ಷಮೆ ಕೇಳಿದೆ. ಅವರೂ ಕೇಳಿದರು.

ಕೃತಜ್ಞತೆ ಅಭ್ಯಾಸವಾದದ್ದು ಆ ವಾರಗಳಲ್ಲೇ. ಅದಕ್ಕೂ ಮೊದಲು ನನ್ನ ಪ್ರಾರ್ಥನೆ, "ದೇವರೇ, ಎಲ್ಲಾ ಉಪಕಾರಗಳಿಗೆ ಸ್ತೋತ್ರ" ಅಂತ ಒಂದೇ ಮಾತಲ್ಲಿ ಮುಗಿಯುತ್ತಿತ್ತು. ಮಲಗಿದ್ದಾಗ, ಮೊದಲ ಕಾಲದ ಸಭೆಗಳಿಗೆ ಅಪೊಸ್ತಲ ಪೌಲ ಬರೆದ ಪತ್ರಗಳನ್ನು ನಿಧಾನವಾಗಿ ಓದಿದೆ. ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ಯಾವಾಗಲೂ ಹಾರಿಸುತ್ತಿದ್ದೆ, ಬರೀ ಹೆಸರುಗಳು ಅಂತ. 20ಕ್ಕೂ ಜಾಸ್ತಿ ಜನರ ಹೆಸರಿದೆ ಅಲ್ಲಿ. ಇವರು ನನಗೋಸ್ಕರ ಪ್ರಾಣವನ್ನೇ ಒಡ್ಡಿದರು, ಇವರು ಬಹಳ ದುಡಿದರು ಅಂತ ಒಬ್ಬೊಬ್ಬರನ್ನೂ ನೆನೆಯುತ್ತಾನೆ. ರೂಫನ ತಾಯಿ ನನಗೂ ತಾಯಿ ಅನ್ನುತ್ತಾನೆ. ಆ ಸಾಲಿನ ಹತ್ತಿರ ಪುಸ್ತಕ ಮಡಚಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ.

ಆಮೇಲೆ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡೆ. ರಾತ್ರಿ ಒಬ್ಬರ ಹೆಸರು, ಅವರು ಮಾಡಿದ ಒಂದು ಕೆಲಸ, ಅಷ್ಟೇ. "ಒಳ್ಳೆಯವರು" ಅಂತ ಬರೆಯುವುದಿಲ್ಲ. "ಹಣೆಗೆ ಕೈ ಅಡ್ಡ ಹಿಡಿದರು" ಅಂತ ಬರೆಯುತ್ತೇನೆ. ಅದನ್ನು ದೇವರ ಮುಂದೆ ಹೇಳುತ್ತೇನೆ. ಮುಂದಿನ ಭಾನುವಾರದೊಳಗೆ ಆ ವ್ಯಕ್ತಿಗೂ ಹೇಳುತ್ತೇನೆ. ಎರಡನೆಯದು ಕಷ್ಟ, ಆದರೆ ಅದನ್ನು ಬಿಡಬೇಡಿ. ಲೂಕನ ಸುವಾರ್ತೆಯಲ್ಲಿ ಯೇಸುವಿನಿಂದ ವಾಸಿಯಾದ ಹತ್ತು ಕುಷ್ಠರೋಗಿಗಳಲ್ಲಿ ಸಮಾರ್ಯ ಸೀಮೆಯವನೊಬ್ಬನೇ ಕೃತಜ್ಞತೆ ಹೇಳಲು ಬಂದ ದಾರಿಯಲ್ಲಿ ತಿರುಗಿ ನಡೆದ. ಉಳಿದ ಒಂಬತ್ತು ಜನರಿಗೂ ಮನಸ್ಸಿನಲ್ಲಿ ಖುಷಿ ಇದ್ದಿರಬಹುದು.

ಒಂದು ವಿಷಯದಲ್ಲಿ ನಾನು ತಪ್ಪಿದ್ದೇನೆ. ಮಗುವನ್ನು ಕಳೆದುಕೊಂಡ, ಸಭೆಯ ಒಬ್ಬ ತಂಗಿಗೆ, ಎಲ್ಲದಕ್ಕೂ ಸ್ತೋತ್ರ ಹೇಳಬೇಕು ಅಂತ ಹೇಳಿಬಿಟ್ಟೆ. ಅವಳು ಏನೂ ಅನ್ನಲಿಲ್ಲ. ಎರಡು ತಿಂಗಳು ಪ್ರಾರ್ಥನಾ ಕೂಟಕ್ಕೆ ಬರಲಿಲ್ಲ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ ಆ ವಚನವನ್ನು ಮತ್ತೆ ತೆಗೆದು ನೋಡಿದೆ. ಅಲ್ಲಿರುವುದು ಎಲ್ಲದರಲ್ಲೂ ಅಂತ, ಎಲ್ಲದಕ್ಕೂ ಅಂತ ಅಲ್ಲ. ಸತ್ಯವೇದದಲ್ಲಿ 88ನೇ ಕೀರ್ತನೆಯೂ ಇದೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಒಂದು ಸ್ತುತಿಯ ಮಾತೂ ಇಲ್ಲದೆ. ಅದನ್ನೂ ಜನ ಸೇರಿ ಹಾಡುತ್ತಿದ್ದರು. ಅವಳ ಮನೆಗೆ ಹೋಗಿ ಕ್ಷಮೆ ಕೇಳಿದೆ, ಜೊತೆಯಲ್ಲಿ ಕೂತು ಅತ್ತೆ. ಅಳುವವರ ಸಂಗಡ ಅಳಿರಿ ಅಂತ ಪೌಲ ಬರೆದದ್ದು ಅದಕ್ಕೇ ಅಲ್ವಾ?

ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನದಲ್ಲೂ ಒಂದು ಬದಲಾವಣೆ ಮಾಡಿಕೊಂಡೆ. ಕೆಲವು ಸಭೆಗಳಲ್ಲಿ ಅದನ್ನು ಯೂಕರಿಸ್ಟ್ ಅನ್ನುತ್ತಾರೆ. ಗ್ರೀಕ್‌ನಲ್ಲಿ ಆ ಪದದ ಅರ್ಥವೇ ಕೃತಜ್ಞತೆ ಸಲ್ಲಿಸುವುದು. ಮೊದಲು ಕಣ್ಣು ಮುಚ್ಚಿ, ನಾನು ಮತ್ತು ದೇವರು ಮಾತ್ರ ಅನ್ನುವ ಹಾಗೆ ಇರುತ್ತಿದ್ದೆ. ಈಗ ಕಣ್ಣು ತೆರೆದು, ಮುಂದೆ ಹೋಗುವವರನ್ನು ಒಬ್ಬೊಬ್ಬರಾಗಿ ನೋಡುತ್ತೇನೆ. ರೊಟ್ಟಿ ಒಂದೇ ಆದ್ದರಿಂದ ನಾವು ಅನೇಕರಿದ್ದರೂ ಒಂದೇ ದೇಹ ಅಂತ ಪೌಲ ಕೊರಿಂಥದವರಿಗೆ ಬರೆದದ್ದು ಆಗ ಕಣ್ಣಿಗೇ ಕಾಣುತ್ತದೆ.

ಆ ಹಿರಿಯ ಅಮ್ಮನಿಗೆ ಈಗ ಕಣ್ಣು ಮಂಜಾಗಿದೆ. ವಾರಕ್ಕೊಮ್ಮೆ ಹೋಗಿ ಅವರ ಪ್ರಾರ್ಥನೆಯ ಪುಸ್ತಕ ಓದಿಹೇಳುತ್ತೇನೆ. ನಾನು ಹೆಸರು ಓದಬೇಕು, ಅವರು ಪ್ರಾರ್ಥಿಸಬೇಕು. ಕಳೆದ ತಿಂಗಳು ಹಳೆಯ ಪುಸ್ತಕ ತೆಗೆಸಿದರು. ನಾನು ಮೊದಲ ಸಲ ಆ ಸಭೆಗೆ ಹೋದ ತಿಂಗಳ ಪುಟದಲ್ಲಿ ಹೀಗಿತ್ತು: "ಹಿಂದಿನ ಬೆಂಚು, ಕನ್ನಡಕದ ಹುಡುಗಿ, ಹೆಸರು ಗೊತ್ತಿಲ್ಲ." ಮುಂದಿನ ತಿಂಗಳೂ ಅದೇ ಸಾಲು. ಅದರ ಮುಂದಿನ ತಿಂಗಳೂ. ಎರಡು ವರ್ಷದ ಪುಟಗಳಲ್ಲಿ ಆ ಸಾಲು ಒಮ್ಮೆಯೂ ತಪ್ಪಿರಲಿಲ್ಲ. ಆಮೇಲೆ ಒಂದು ಕಡೆ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ನನ್ನ ಹೆಸರು ಬರೆದಿದ್ದರು.

ನನ್ನ ಓದು ನಿಂತುಹೋಗಿತ್ತು.

"ಯಾಕೆ ಮಗಳೇ, ಅಕ್ಷರ ಕಾಣ್ತಿಲ್ವಾ?" ಅಂದರು. "ಮುಂದಿನ ಹೆಸರು ಓದು."

ಓದಿದೆ.