ಬೆಣೆ ಹಾಕಿ ಜೀಪಿನ ನಡುಕ ಬಿಡಿಸಿದ ನನ್ನ ಅನುಭವ

ಮಹೀಂದ್ರದ ಎಂಎಂ 540 ಜೀಪ್ ಇಟ್ಟುಕೊಂಡವರಿಗೆ ಈ ರೋಗ ಗೊತ್ತೇ ಇರುತ್ತದೆ. ಗಾಡಿ 50ರ ಮೇಲೆ ಓಡುತ್ತಿರುತ್ತದೆ. ಒಂದು ಗಾಲಿ ಸಣ್ಣ ತಗ್ಗಿಗೆ ಬೀಳುತ್ತದೆ. ಅಷ್ಟೇ, ಮುಂದಿನ ಎರಡೂ ಗಾಲಿಗಳು ಎಡಕ್ಕೂ ಬಲಕ್ಕೂ ಬಡಿದಾಡಲು ಶುರು ಮಾಡುತ್ತವೆ. ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಬ್ರೇಕ್ ಒತ್ತಿ 20ಕ್ಕೆ ಇಳಿಸುವ ತನಕ ಅದು ಬಿಡುವುದೂ ಇಲ್ಲ. ನನ್ನ ಗಾಡಿಯಲ್ಲಿ ಇದು ವರ್ಷಗಟ್ಟಲೆ ಇತ್ತು. ಈಗ ಪೂರ್ತಿ ಹೋಗಿದೆ. ಮಳೆಗಾಲ ದಾಟಿ ಸುಗ್ಗಿಯೂ ಮುಗಿದಿದೆ, ಒಮ್ಮೆಯೂ ಮರುಕಳಿಸಿಲ್ಲ. ಹುಬ್ಬಳ್ಳಿಯಲ್ಲಿ ನಾನು ಕೇಳಿದ ಮಿಸ್ತ್ರಿಗಳೆಲ್ಲ ಆಗದು ಅಂದಿದ್ದ ಕೆಲಸ ಇದು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು 90ರ ದಶಕದ ಆರಂಭದ ಗಾಡಿ. ಪ್ಯೂಜೋ ಎಂಜಿನ್, 2112 ಸಿಸಿ. ಮನೆ ಹುಬ್ಬಳ್ಳಿಯಲ್ಲಿ, ಹೊಲ ಅಣ್ಣಿಗೇರಿ ಆಚೆ. ಪೂರ್ತಿ ಎರಿ (ಕಪ್ಪು ಮಣ್ಣಿನ) ಭೂಮಿ. ಒಂದು ದೊಡ್ಡ ಮಳೆ ಬಿದ್ದರೆ ಆ ಹೊಲದ ದಾರಿಯಲ್ಲಿ ಟ್ರ್ಯಾಕ್ಟರ್ ಬಿಟ್ಟರೆ ಫೋರ್ ವೀಲ್ ಡ್ರೈವ್ ಗಾಡಿ ಮಾತ್ರ. ಧಾರವಾಡದ ಪಶ್ಚಿಮಕ್ಕೆ ಮಸಾರಿ (ಕೆಂಪು ಮಣ್ಣಿನ) ಭೂಮಿಯಲ್ಲಿ ಓಡಿಸುವವರಿಗೆ ಈ ಕಷ್ಟ ಅಷ್ಟಾಗಿ ಗೊತ್ತಾಗುವುದಿಲ್ಲ. ಟ್ರ್ಯಾಕ್ಟರ್ ಗಾಲಿ ಕೊರೆದ ಸಾಲಿನಲ್ಲಿ ಆಕ್ಸಲ್ ಕೂರಬಾರದು ಅಂದರೆ ಗಾಡಿ ಸ್ವಲ್ಪ ಎತ್ತರ ಇರಲೇಬೇಕು. ಹಿಂದಿನ ಮಾಲೀಕರು ಇದೇ ಕಾರಣಕ್ಕೆ ಮುಂದೆ ಸುಮಾರು 2 ಇಂಚು ಉದ್ದದ ಶ್ಯಾಕಲ್ (ಪಾಟಾವನ್ನು, ಅಂದರೆ ಲೀಫ್ ಸ್ಪ್ರಿಂಗನ್ನು, ಚಾಸಿಗೆ ಜೋಡಿಸುವ ಕೊಂಡಿ) ಹಾಕಿಸಿದ್ದರು. ರೋಗದ ಮೂಲ ಅಲ್ಲೇ ಇತ್ತು. ಆದರೆ ಆ ಎತ್ತರ ನನಗೆ ಬೇಕಾಗಿತ್ತು, ಬಿಡಲು ಮನಸ್ಸಿರಲಿಲ್ಲ.

ಮೊದಲು ದುಡ್ಡಿನ ಕಥೆ ಹೇಳುತ್ತೇನೆ. ಎಲ್ಲರೂ ಮೊದಲು ಹೇಳುವುದು ಸ್ಟೀರಿಂಗ್ ಡ್ಯಾಂಪರ್. ಹಾಕಿಸಿದೆ. ಮಜೂರಿ ಸೇರಿ ಎರಡೂವರೆ ಸಾವಿರದ ಆಸುಪಾಸು. ಒಂದೆರಡು ತಿಂಗಳು ಸುಮ್ಮನಿತ್ತು. ಡ್ಯಾಂಪರ್ ಸ್ವಲ್ಪ ಸಡಿಲಾಗುತ್ತಲೇ ಮತ್ತೆ ಶುರು. ಡ್ಯಾಂಪರ್ ನಡುಕವನ್ನು ಮುಚ್ಚಿಡುತ್ತದೆ, ಗುಣ ಮಾಡುವುದಿಲ್ಲ. ಆಮೇಲೆ ಸ್ಟೀರಿಂಗನ್ನು ಗಾಲಿಗಳಿಗೆ ಜೋಡಿಸುವ ಸರಳುಗಳ ತುದಿಗಳು, ಅಂದರೆ ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ ಎಂಡ್, ಎಲ್ಲ ಹೊಸದು. ಮೂರು ಸಾವಿರ ಹತ್ತಿರ ಹೋಯಿತು. ಗಾಲಿ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಅಂತ ಪ್ರತಿ ಸಲ ನಾನೂರು, ಐನೂರು. ಒಂದು ಕಡೆ ಗಾಲಿ ಬೇರಿಂಗ್ ಸಹ ಬದಲಿಸಿಬಿಟ್ಟರು, ಹಳೆಯದು ಚೆನ್ನಾಗಿಯೇ ಇತ್ತು. ಕೊನೆಗೆ ಒಬ್ಬರು, ಪೂರ್ತಿ ಮುಂದಿನ ಆಕ್ಸಲ್ ಗುಜರಿಯಿಂದ ತರೋಣ, ಮೂವತ್ತೈದು ನಲವತ್ತು ಸಾವಿರ ಆಗುತ್ತದೆ ಅಂದರು. ಅಲ್ಲಿಗೆ ನಾನೇ ಸ್ಪ್ಯಾನರ್ ಹಿಡಿದೆ.

ಗಾಲಿ ಎಡಕ್ಕೆ ಬಲಕ್ಕೆ ತಿರುಗುವ ಗೂಟಕ್ಕೆ ಕಿಂಗ್ ಪಿನ್ ಅನ್ನುತ್ತಾರೆ, ಅದರ ಬೇರಿಂಗ್ ಮಾತ್ರ ನಿಜವಾಗಿ ಹೋಗಿದ್ದವು. ಬಿಚ್ಚಿದಾಗ ಬೇರಿಂಗ್ ಬಟ್ಟಲುಗಳ ಮೇಲೆ ರೋಲರ್ ಅಚ್ಚು ಬಿದ್ದಿತ್ತು. ನಾಲ್ಕೂ ಬದಲಿಸಿದೆ. ಇಲ್ಲಿ ಹೆಚ್ಚಿನವರು ಶಿಮ್ (ತೆಳು ತಗಡಿನ ಬಿಲ್ಲೆ) ತೆಗೆದು ಬಿಗಿ ಮಾಡುತ್ತಾರೆ, ಆದರೆ ಮೇಲಿನಿಂದ ಮಾತ್ರ ತೆಗೆಯುತ್ತಾರೆ. ಮೇಲೆ ಎಷ್ಟು ತೆಗೆದಿರೋ ಕೆಳಗೂ ಅಷ್ಟೇ ತೆಗೆಯಬೇಕು. ಇಲ್ಲದಿದ್ದರೆ ನಕಲ್ (ಆಕ್ಸಲ್ ತುದಿಯಲ್ಲಿ ಗಾಲಿಯ ಜೊತೆ ತಿರುಗುವ ಭಾಗ) ಒಂದು ಕಡೆ ಸರಿದು ಒಳಗಿನ ಜಾಯಿಂಟ್ ನಡುವಿಗೆ ಬರುವುದಿಲ್ಲ. ಬಿಗಿ ನೋಡಲು ನಾನು ಸ್ಪ್ರಿಂಗ್ ಕಾಟಾ ಬಳಸಿದೆ. ಟೈ ರಾಡ್ ಬಿಚ್ಚಿ, ಫೆಲ್ಟ್ ಸೀಲ್ ಹಾಕುವ ಮೊದಲೇ, ಟೈ ರಾಡ್ ಕೂರುವ ತೂತಿಗೆ ಕೊಕ್ಕೆ ಸಿಕ್ಕಿಸಿ ಎಳೆಯುವುದು. ಐದಾರು ಕಿಲೋ ಎಳೆತಕ್ಕೆ ನಕಲ್ ತಿರುಗಬೇಕು. ಇದಾದ ಮೇಲೆ ನಡುಕ ನಿಲ್ಲಲಿಲ್ಲ, 50ರಿಂದ 60ಕ್ಕೆ ಜರುಗಿತು. ಅಂದರೆ ದಾರಿ ಸರಿ ಇದೆ, ಇನ್ನೂ ಏನೋ ಉಳಿದಿದೆ.

ಆ ಉಳಿದಿದ್ದು ಏನು ಅಂತ ತಿಳಿದದ್ದು ಸ್ಟೀರಿಂಗಿನ ಇನ್ನೊಂದು ಗುಣದಿಂದ. ತಿರುವು ಮುಗಿದ ಮೇಲೆ ಕೈ ಸಡಿಲ ಬಿಟ್ಟರೆ ಅದು ತಾನಾಗಿ ನೇರಕ್ಕೆ ಬರುತ್ತಿರಲಿಲ್ಲ. ಸೈಕಲ್ಲಿನ ಮುಂದಿನ ಚಿಮಟಾ ನೆಟ್ಟಗೆ ನಿಂತುಬಿಟ್ಟರೆ ಹ್ಯಾಂಡಲ್ ಹೇಗೆ ಹೊಯ್ದಾಡುತ್ತದೋ ಹಾಗೆ. ಅಲೈನ್‌ಮೆಂಟ್ ಅಂಗಡಿಯ ಹಾಳೆಯಲ್ಲೂ ಕ್ಯಾಸ್ಟರ್, ಅಂದರೆ ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ, ಕೆಂಪಿನಲ್ಲೇ ಬರುತ್ತಿತ್ತು. ಕೇಳಿದರೆ, "ಜೀಪಿಗೆ ಅದು ಅಡ್ಜಸ್ಟ್ ಇರೂದಿಲ್ರಿ ಸರ, ಬರೇ ಟೋ ಅಷ್ಟ" ಅನ್ನುತ್ತಿದ್ದರು. ಟೋ ಅಂದರೆ ಮುಂದಿನ ಗಾಲಿಗಳು ಮುಂಭಾಗದಲ್ಲಿ ಎಷ್ಟು ಒಳಕ್ಕೆ ತಿರುಗಿವೆ ಅನ್ನುವ ಅಳತೆ. ಕ್ಯಾಸ್ಟರಿಗೆ ಅಡ್ಜಸ್ಟ್ ಬೋಲ್ಟ್ ಇಲ್ಲ ನಿಜ. ಹಾಗಂತ ಬದಲಿಸಲು ಬರುವುದಿಲ್ಲ ಅಂತೇನಿಲ್ಲವಲ್ಲ!

ಹಳೆಯ ಯೂನಿವರ್ಸಲ್ ಜೀಪಿನ ಮ್ಯಾನುಯಲ್‌ನಲ್ಲಿ ಕ್ಯಾಸ್ಟರ್ 3 ಡಿಗ್ರಿ, ಕ್ಯಾಂಬರ್ (ಗಾಲಿ ಮೇಲ್ಭಾಗದಲ್ಲಿ ಹೊರಕ್ಕೆ ವಾಲಿರುವ ಕೋನ) ಒಂದೂವರೆ ಡಿಗ್ರಿ. ಆಕ್ಸಲ್ ಬಾಗದ ಗಾಡಿಗೆ ಕ್ಯಾಂಬರ್ ಚಿಂತೆ ಬೇಡ. ಕ್ಯಾಸ್ಟರ್ ಅಳೆಯಲು ಮೊಬೈಲಿನ ಮಟ್ಟ ನೋಡುವ ಆ್ಯಪ್ ನಂಬಬೇಡಿ, ನನಗೆ ಪ್ರತಿ ಸಲ ಬೇರೆ ಬೇರೆ ಲೆಕ್ಕ ಬಂತು. ಗೌಂಡಿಗಳ ರಸಮಟ್ಟವೇ ಸಾಕು. ಗಾಡಿ ಮಟ್ಟಸ ನೆಲದಲ್ಲಿ ನಿಲ್ಲಬೇಕು, ಗಾಲಿ ನೇರ ಇರಬೇಕು, ಗಾಳಿ ಎರಡೂ ಕಡೆ ಸಮ ಇರಬೇಕು. ಕಿಂಗ್ ಪಿನ್ ಮೇಲಿನ ಕ್ಯಾಪ್‌ನ ಚಪ್ಪಟೆ ಜಾಗ ಉಜ್ಜಿ ಸ್ವಚ್ಛ ಮಾಡಿ, ಅದರ ಮೇಲೆ 200 ಮಿ.ಮೀ. ಉದ್ದದ ನೇರ ಪಟ್ಟಿಯೊಂದನ್ನು ಗಾಡಿಯ ಉದ್ದಕ್ಕೆ ಇಡಿ. ಪಟ್ಟಿಯ ಮೇಲೆ ರಸಮಟ್ಟ. ಗುಳ್ಳೆ ನಡುವಿಗೆ ಬರುವ ತನಕ ಹಿಂದಿನ ತುದಿಯಲ್ಲಿ ರಸಮಟ್ಟದ ಕೆಳಗೆ ಡ್ರಿಲ್ ಬಿಟ್‌ಗಳನ್ನು ತೂರಿಸುತ್ತಾ ಹೋಗಿ. 3 ಡಿಗ್ರಿ ಇದ್ದರೆ ಹತ್ತೂವರೆ ಮಿ.ಮೀ. ಬಿಟ್ ಬೇಕಾಗುತ್ತದೆ. ನನ್ನದಕ್ಕೆ 2 ಮಿ.ಮೀ. ಬಿಟ್ ಸಾಕಾಯಿತು. ಅಂದರೆ ಅರ್ಧ ಡಿಗ್ರಿ! ಉದ್ದ ಶ್ಯಾಕಲ್ ಪಾಟಾದ ಮುಂದಿನ ಕಣ್ಣನ್ನು ಕೆಳಗೆ ತಳ್ಳಿತ್ತು, ಅದರ ಜೊತೆ ಆಕ್ಸಲ್ ಮುಂದಕ್ಕೆ ಬಾಗಿತ್ತು.

ಆಕ್ಸಲನ್ನು ಹಿಂದಕ್ಕೆ ತಿರುಗಿಸಲು ಪಾಟಾ ಮತ್ತು ಆಕ್ಸಲ್ ಕೂರುವ ಪ್ಯಾಡ್ ನಡುವೆ ಬೆಣೆ ಹಾಕಬೇಕು. ಇದನ್ನು ಹೇಳಿದಾಗ ನನ್ನ ಹಳೆಯ ಮಿಸ್ತ್ರಿ, "ಸರ, ಒಂದು ಕಬ್ಬಿಣದ ತುಂಡು ಹಾಕಿದ್ರ ಗಾಡಿ ಸುಧಾರಸ್ತದಂದ್ರ ನಾವು ಇಷ್ಟ ವರ್ಷ ಏನ್ ಮಾಡೀವ್ರಿ?" ಅಂದರು. ಪಾಟಾ ಜಾರುತ್ತದೆ, ಪಾಟಾದ ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟ್ ಕಡಿಯುತ್ತದೆ ಅಂತ ಅವರ ಭಯ. ಭಯಕ್ಕೆ ಅರ್ಥ ಇದೆ. ಅದನ್ನು ನೋಡಿಕೊಂಡೇ ಮಾಡಿದೆ.

ನನ್ನ ಪ್ಯಾಡ್ ಉದ್ದ ಸುಮಾರು 110 ಮಿ.ಮೀ. 3 ಡಿಗ್ರಿಗೆ ಒಂದು ತುದಿ ಇನ್ನೊಂದಕ್ಕಿಂತ 6 ಮಿ.ಮೀ. ಹತ್ತಿರ ದಪ್ಪ ಇರಬೇಕು. ತೆಳು ತುದಿಯನ್ನು ಚಾಕುವಿನಂತೆ ಚೂಪು ಮಾಡಬಾರದು, ಒಡೆಯುತ್ತದೆ. 2 ಮಿ.ಮೀ. ಉಳಿಸಿದೆ. ಹಾಗಾಗಿ 2ರಿಂದ 8. ಪಾಟಾದ ಅಗಲಕ್ಕೆ ಸರಿಯಾಗಿ ಉಕ್ಕಿನ ಪಟ್ಟಿ ಕತ್ತರಿಸಿ, ಗೋಕುಲ ರಸ್ತೆ ಕಡೆ ಒಂದು ಲೇತ್ ಅಂಗಡಿಯಲ್ಲಿ ಇಳಿಜಾರು ಕೊರೆಸಿದೆ. ಎರಡಕ್ಕೆ ಏಳೆಂಟು ನೂರು ತೆಗೆದುಕೊಂಡರು. ಅಲ್ಯೂಮಿನಿಯಂ ಬೆಣೆ ಅಗ್ಗಕ್ಕೆ ಸಿಗುತ್ತದೆ, ಅದು ಬೇಡ. ಪಾಟಾವನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟ್ ಬಿಗಿತಕ್ಕೆ ಜಜ್ಜಿ ಹೋಗುತ್ತದೆ, ಆಮೇಲೆ ಯು ಬೋಲ್ಟೇ ಸಡಿಲ. ಎಳೆ (ಥ್ರೆಡ್) ಹೋಗುವ ಗುಣ ಇರುವ ಸಿಕ್ಕಸಿಕ್ಕ ಸೆಂಟರ್ ಬೋಲ್ಟೂ ಬೇಡ. ಬೆಣೆಯ ದಪ್ಪದಷ್ಟು ಉದ್ದ ಜಾಸ್ತಿ ಇರುವ ಒಳ್ಳೆಯ ಬೋಲ್ಟ್ ತಂದು, ಬೆಣೆಯನ್ನೂ ಸೇರಿಸಿ ಪಾಟಾ ಕಟ್ಟಬೇಕು. ಬೋಲ್ಟಿನ ತಲೆ ಮೇಲೆ ಬಂದು ಪ್ಯಾಡಿನ ತೂತಿನಲ್ಲಿ ಪೂರ್ತಿ ಕೂರಬೇಕು. ಜಾರದಂತೆ ಹಿಡಿಯುವುದು ಅದೇ. ನಾನು ಇಲ್ಲಿ ಇನ್ನೊಂದು ಸಣ್ಣ ಕೆಲಸ ಮಾಡಿದ್ದೇನೆ, ಅದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಕೂರಿಸಿದ್ದು ಮನೆಯ ಅಂಗಳದಲ್ಲೇ. ಚಾಸಿಯನ್ನು ಜಾಲಿ ಮರದ ಕೊರಡುಗಳ ಮೇಲೆ ನಿಲ್ಲಿಸಿ, ಆಕ್ಸಲ್ ಕೆಳಗೆ ಟ್ರಾಲಿ ಜ್ಯಾಕ್. ಒಂದೇ ಕಡೆಯ ಯು ಬೋಲ್ಟ್ ಸಡಿಲಿಸಿದರೆ ಆಕ್ಸಲ್ ತಿರುಗುವುದಿಲ್ಲ, ಎರಡೂ ಕಡೆ ಒಟ್ಟಿಗೇ ಬಿಡಬೇಕು. ಈ ಗಾಡಿಯಲ್ಲಿ ಪಾಟಾ ಆಕ್ಸಲಿನ ಕೆಳಗಿದೆ, ಆದ್ದರಿಂದ ದಪ್ಪ ತುದಿ ಮುಂದಕ್ಕೆ. ಹಳೆಯ ಯು ಬೋಲ್ಟ್ ಮತ್ತೆ ಹಾಕಲಿಲ್ಲ. ಹೊಸವು ನಾಲ್ಕೂ ಸೇರಿ ಒಂದು ಸಾವಿರದ ಒಳಗೇ ಬಂದವು, ಕೊಂಚ ಉದ್ದದವು. ಎದುರು ಬದುರು ಬಿಗಿ ಮಾಡುತ್ತಾ ಬಂದು, ಗಾಡಿ ನೆಲಕ್ಕಿಳಿಸಿ ಭಾರ ಬಿದ್ದ ಮೇಲೆ ಕೊನೆಯ ಬಿಗಿ. ಮತ್ತೆ ರಸಮಟ್ಟ ಇಟ್ಟರೆ 12 ಮಿ.ಮೀ. ಬಿಟ್. ಮೂರೂವರೆ ಡಿಗ್ರಿ. ನೋಡಿ ಬಹಳ ಖುಷಿಯಾಯಿತು. ಆಮೇಲೆ ಟೋ ಇನ್ ಮತ್ತೆ ನೋಡಲೇಬೇಕು. ನಾನು 2 ಮಿ.ಮೀ. ಇಟ್ಟಿದ್ದೇನೆ.

ಬೈಪಾಸಿನಲ್ಲಿ ಓಡಿಸಿದೆ. 50, 60, 70. ಡ್ಯಾಂಪರ್ ಬಿಚ್ಚಿಟ್ಟೇ ಓಡಿಸಿದ್ದು, ಯಾಕೆಂದರೆ ಅದರ ನೆರವಿಲ್ಲದೆ ನಿಲ್ಲಬೇಕು. ಬೇಕಂತಲೇ ತಗ್ಗಿಗೆ ಒಂದು ಗಾಲಿ ಇಳಿಸಿದೆ. ಒಂದು ಏಟು, ಅಷ್ಟಕ್ಕೇ ಮುಗಿಯಿತು. ನಡುಕ ಬರಲೇ ಇಲ್ಲ. ಮಾರನೆಯ ವಾರ ಅದೇ ಮಿಸ್ತ್ರಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ನವಲಗುಂದ ರಸ್ತೆಯಲ್ಲಿ ಹೋದೆ. ಅವರೇ ಓಡಿಸಿ ನೋಡಿದರು. ಇಳಿದ ಮೇಲೆ ಒಂದೇ ಮಾತು: "ಆ ಅಳತೀ ಒಂದು ಹಾಳಿ ಮ್ಯಾಲೆ ಬರದು ಕೊಡ್ರಿ ಸರ." ಕೊಟ್ಟೆ. ಈಗ ಅವರ ಗ್ಯಾರೇಜಿನಿಂದಲೇ ಬೆಣೆ ಹಾಕಿದ ಜೀಪುಗಳು ಹೊರಬರುತ್ತಿವೆ. ಹಿಂದಿನ ಪ್ರಯತ್ನಗಳಿಗೆ ಹದಿನಾಲ್ಕು ಹದಿನೈದು ಸಾವಿರ ಹೋಗಿತ್ತು, ಬೆಣೆ ಕೆಲಸಕ್ಕೆ ಎಲ್ಲ ಸೇರಿ ಎರಡು ಸಾವಿರ ಚಿಲ್ಲರೆ.

ಸುಮ್ನೆ ನೋಡೋಣ ಅಂತ 4 ಡಿಗ್ರಿ ಬೆಣೆಯನ್ನೂ ಹಾಕಿ ನೋಡಿದೆ. ಸ್ಟೀರಿಂಗ್ ಭಾರ, ಜೊತೆಗೆ 45 ದಾಟಿದರೆ ಗುಂಯ್ ಅನ್ನುವ ಸದ್ದು. ಕ್ಯಾಸ್ಟರ್ ಏರಿದಷ್ಟು ಮುಂದಿನ ಡಿಫರೆನ್ಶಿಯಲ್ ಮೂತಿ ಕೆಳಗೆ ಬಾಗುತ್ತದೆ, ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ನಮ್ಮ ಗಾಡಿಗಳಲ್ಲಿ ಟೂ ವೀಲ್ ಡ್ರೈವ್‌ನಲ್ಲಿದ್ದರೂ ಆ ಶಾಫ್ಟ್ ಸುತ್ತುತ್ತಲೇ ಇರುತ್ತದೆ. 3 ಡಿಗ್ರಿ ಬೆಣೆಗೇ ವಾಪಸ್ ಬಂದೆ. ಉಳಿದಿದ್ದ ಸ್ವಲ್ಪ ಸದ್ದೂ ಹಳೆಯ ಫ್ರೀ ವೀಲ್ ಹಬ್ (ಮುಂದಿನ ಗಾಲಿಯಿಂದ ಆಕ್ಸಲ್ ಶಾಫ್ಟನ್ನು ಬಿಡಿಸುವ ಭಾಗ) ಜೋಡಿಯೊಂದನ್ನು ನಾಲ್ಕು ಸಾವಿರ ಚಿಲ್ಲರೆಗೆ ತಂದು ಹಾಕಿದ ಮೇಲೆ ಹೋಯಿತು.

ಹೊಲಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಅಗಲ ಟಯರ್ ಹಾಕಿ ಒಂದು ಮಳೆಗಾಲ ನೋಡಿದೆ. ಎರಿ ಮಣ್ಣಿಗೆ ಅವು ಆಗಿಬರುವುದಿಲ್ಲ. ಮಣ್ಣು ಟಯರಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಲಿಯೇ ನಿಂತುಬಿಡುತ್ತದೆ. ಹಳೆಯ 6.00-16 ಲಗ್ ಟಯರ್ ನೆಲದ ಮೇಲಿನ ಕೆಸರು ಸೀಳಿ ಕೆಳಗಿನ ಗಟ್ಟಿ ಪದರಕ್ಕೆ ಇಳಿಯುತ್ತದೆ. ಮಡ್‌ಗಾರ್ಡ್ ಒಳಗೆ ಸುಟ್ಟ ಎಂಜಿನ್ ಆಯಿಲ್ ಬಳಿದೂ ನೋಡಿದೆ, ಒಂದೆರಡು ದಿನ ಮಣ್ಣು ಬೇಗ ಉದುರಿತು, ಆಮೇಲೆ ಮೊದಲಿನಂತೆಯೇ. ನಕಲ್ ಸೋರಿಕೆಗೆ ಗೇರ್ ಆಯಿಲ್ ಮತ್ತು ಗ್ರೀಸ್ ಬೆರೆಸಿ ತುಂಬುವುದು ಎಲ್ಲರಿಗೂ ಗೊತ್ತು. ಎಷ್ಟಕ್ಕೆ ಎಷ್ಟು ಅನ್ನುವುದರಲ್ಲೇ ಗುಟ್ಟಿದೆ. ನನ್ನ ಪ್ರಮಾಣದಲ್ಲಿ ಈಗ ಗಾಲಿಯ ಒಳಬದಿ ಒಣಗಿರುತ್ತದೆ, ಆದರೆ ಇಲ್ಲಿ ಬರೆಯುವುದಿಲ್ಲ.

ಮೊದಲ 100 ಕಿ.ಮೀ. ಆದ ಮೇಲೆ ಯು ಬೋಲ್ಟ್ ಮತ್ತೆ ಬಿಗಿ ಮಾಡಿ, ಅರ್ಧ ಸುತ್ತಾದರೂ ತಿರುಗುತ್ತವೆ. ಗದಗಿನ ಗೆಳೆಯರೊಬ್ಬರ ಜಿಪ್ಸಿಗೂ ಇದೇ ಬೆಣೆ ಮಾಡಿಕೊಟ್ಟೆ. ಎತ್ತರಕ್ಕಾಗಿ ಅವರು ಪಾಟಾವನ್ನು ಆಕ್ಸಲಿನ ಮೇಲಕ್ಕೆ ಹಾಕಿಸಿದ್ದಾರೆ. ಅಂಥ ಗಾಡಿಗೆ ದಪ್ಪ ತುದಿ ಹಿಂದಕ್ಕೆ ಬರಬೇಕು. ನನ್ನ ಗಾಡಿಯಂತೆ ಮುಂದಕ್ಕೆ ಹಾಕಿದರೆ ಇದ್ದ ಕ್ಯಾಸ್ಟರೂ ಹೋಗುತ್ತದೆ.