ಮೊದಲು ಪೆಟ್ಟಿಗೆ ಹಾರಿಸಿದೆ, ಆಮೇಲೆ ಎಚ್‌ಟಿ-2 ಕಟ್ಟಿದೆ

"ಮೈನೇ ಕಟ್ಟದ ವಿಮಾನ ಹಾರಿಸೋದು ಅಂದ್ರ ಹಿಟ್ಟಿಲ್ಲದ ರೊಟ್ಟಿ ಬಡದ್ಹಂಗ" ಅಂತ ಹುಬ್ಬಳ್ಳಿ-ಧಾರವಾಡದ ಸಿಮ್ಯುಲೇಟರ್ ಗೆಳೆಯರು ನಕ್ಕಿದ್ದರು. ಎಚ್‌ಟಿ-2 ವಿಮಾನದ ಕಂಪ್ಯೂಟರ್ ಮಾದರಿ ಕಟ್ಟುವ ಮೊದಲು ನಾನು ಹಾರಿಸಿದ್ದು ಒಂದು ಬರೀ ಪೆಟ್ಟಿಗೆ. ಈಗ ಅದೇ ಎಚ್‌ಟಿ-2, ಫ್ಲೈಟ್‌ಗಿಯರ್ ಅನ್ನೋ ವಿಮಾನ ಸಿಮ್ಯುಲೇಟರಿನಲ್ಲಿ ಹುಬ್ಬಳ್ಳಿ ರನ್‌ವೇಯಿಂದ ಏಳುತ್ತಿದೆ. ಹಳೇ 4 ಜಿಬಿ ಗ್ರಾಫಿಕ್ಸ್ ಕಾರ್ಡಿನ ಮೇಲೂ ಸೆಕೆಂಡಿಗೆ 60 ಫ್ರೇಮ್ ಬಿಟ್ಟು ಕೆಳಗಿಳಿಯುವುದಿಲ್ಲ. ನಕ್ಕವರಲ್ಲಿ ಇಬ್ಬರು ಫೈಲ್ ಕೇಳಿ ಇಸಿದುಕೊಂಡಿದ್ದಾರೆ.

ಹೊಸಬರು ಏರ್‌ಬಸ್‌ಗೆ ಕೈ ಹಾಕಬೇಡಿ. ಕಾಕ್‌ಪಿಟ್‌ನ ಪರದೆಗಳೇ ವರ್ಷ ತಿನ್ನುತ್ತವೆ. ಎಚ್‌ಟಿ-2 ಡಾ. ವಿ. ಎಂ. ಘಾಟಗೆಯವರು ವಿನ್ಯಾಸ ಮಾಡಿದ, ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟಿ 1951ರಲ್ಲಿ ಹಾರಿಸಿದ ತರಬೇತಿ ವಿಮಾನ. ಒಂದೇ ಜೊತೆ ರೆಕ್ಕೆ, ಮಡಚದ ಗಾಲಿ, ಬಾಲದಲ್ಲೊಂದು ಪುಟ್ಟ ಗಾಲಿ, 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ರೆಕ್ಕೆಯ ತುದಿಯಿಂದ ತುದಿಗೆ 10.72 ಮೀಟರ್, ಉದ್ದ 7.53.

ಈ ಎರಡು ಅಂಕಿಯೇ ನಕ್ಷೆಗೆ ತಕ್ಕಡಿ. 10.72 ಭಾಗಿಸು 7.53 ಅಂದರೆ 1.42. ಸಿಕ್ಕ ಮೂರು-ನೋಟದ (ಮೇಲಿಂದ, ಮುಂದಿಂದ, ಪಕ್ಕದಿಂದ) ನಕ್ಷೆಯನ್ನು ಸ್ಕೇಲು ಹಿಡಿದು ಅಳೆಯಿರಿ, 1.38 ಬಂದರೆ ಸ್ಕ್ಯಾನ್ ಮಾಡುವಾಗ ಹಿಗ್ಗಿದೆ ಅಂತ ಅರ್ಥ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಫೋಟೋ ತೆಗೆಯುವವರು ದೂರ ನಿಂತು ಜೂಮ್ ಮಾಡಿ. ಹತ್ತಿರದಿಂದ ತೆಗೆದರೆ ಮೂತಿ ಊದಿ, ಬಾಲ ಸಣ್ಣಗೆ ಬರುತ್ತದೆ. ನನ್ನ ಮೊದಲ ಮೂತಿ ಬದನೆಕಾಯಿಯಂತಾಗಿದ್ದು ಇದೇ ಕಾರಣಕ್ಕೆ.

ಇನ್ನು ಪೆಟ್ಟಿಗೆ. 3ಡಿ ಮಾದರಿ ಕಟ್ಟುವ ಬ್ಲೆಂಡರ್‌ನಲ್ಲಿ ಒಂದು ಉದ್ದನೆಯ ಡಬ್ಬಿ, ಅಡ್ಡಕ್ಕೆ ಒಂದು ಹಲಗೆ, ಹಿಂದೆ ಎರಡು ಚಿಕ್ಕ ಹಲಗೆ. ಮೂತಿ ಮೈನಸ್ ಎಕ್ಸ್ ಕಡೆಗೆ, ಒಂದು ಯೂನಿಟ್‌ಗೆ ಒಂದು ಮೀಟರ್. ಹತ್ತು ನಿಮಿಷದ ಕೆಲಸ. ಉಳಿದ ಮೂರು ವಾರ, ವಿಮಾನ ಹೇಗೆ ಹಾರಬೇಕೆಂದು ಲೆಕ್ಕ ಹಾಕುವ ಜೆಎಸ್‌ಬಿಸಿಮ್ ಫೈಲಿಗೇ ಹೋಯಿತು, ಹೋಗಲೇಬೇಕು. ಅಳತೆ ಕೊಟ್ಟರೆ ಆ ಫೈಲನ್ನು ತಾನೇ ಬರೆಯುವ ಏರೋಮ್ಯಾಟಿಕ್ ಕೊಟ್ಟ ಫೈಲಿನಿಂದ ಶುರು ಮಾಡಿ, ಆದರೆ ಅದನ್ನು ದೇವರ ಪ್ರಸಾದ ಅಂತ ಕಣ್ಣಿಗೊತ್ತಿಕೊಳ್ಳಬೇಡಿ.

ಗುರುತ್ವ ಕೇಂದ್ರ ಮೊದಲು. ರೆಕ್ಕೆಯ ವಿಸ್ತೀರ್ಣ ಸುಮಾರು 173 ಚದರಡಿ, ತುದಿಯಿಂದ ತುದಿಗೆ 35 ಅಡಿ ಚಿಲ್ಲರೆ. ಅಂದರೆ ಸರಾಸರಿ ಕಾರ್ಡ್ (ರೆಕ್ಕೆಯ ಮುಂದಂಚಿನಿಂದ ಹಿಂದಂಚಿಗೆ ಇರುವ ದೂರ) 59 ಇಂಚಿನ ಆಸುಪಾಸು. ಅದರ ಕಾಲು ಭಾಗ, ರೆಕ್ಕೆಯ ಮುಂದಂಚಿನಿಂದ 15 ಇಂಚು ಹಿಂದೆ, ಕೇಂದ್ರ ಇಡಿ. ನಾನು ಒಂದು ಸಲ ಮೀಟರ್ ಅಂಕಿ ಬರೆದು ಯೂನಿಟ್ ಇಂಚಿನಲ್ಲೇ ಬಿಟ್ಟಿದ್ದೆ. ವಿಮಾನ ರನ್‌ವೇಯಲ್ಲೇ ಮೂಗು ಊರಿ ನಿಂತಿತು. ಇನ್ನೊಂದು ಸಲ ಕೇಂದ್ರ ಹಿಂದೆ ಸರಿದು, ಎದ್ದ ಮೂತಿ ಕೆಳಗಿಳಿಯಲೇ ಇಲ್ಲ. ಪ್ರತಿ ಸಾಲಿಗೂ ಯೂನಿಟ್ ಬರೆಯಿರಿ, ಸೋಮಾರಿತನ ಬೇಡ. ಮಾದರಿಯ ಮೂಲಬಿಂದು ಮೂತಿಯ ತುದಿಯಲ್ಲಿದ್ದರೆ ಫೈಲಿನ ವಿಆರ್‌ಪಿ (ಮಾದರಿಯನ್ನು ಲೆಕ್ಕಕ್ಕೆ ಜೋಡಿಸುವ ಬಿಂದು) ಕೂಡ ಅಲ್ಲೇ ಇರಬೇಕು. ಇಲ್ಲದಿದ್ದರೆ ಗಾಲಿ ನೆಲದೊಳಗೆ ಹೂತಿರುತ್ತದೆ.

ಗಾಲಿಯಲ್ಲೇ ಬಹಳ ಜನ ಕೈಬಿಡುತ್ತಾರೆ. ತುಂಬಿದ ತೂಕ 2,240 ಪೌಂಡ್. ಬಾಲಕ್ಕೆ ಇನ್ನೂರು ಬಿಟ್ಟರೆ ಮುಂದಿನ ಒಂದೊಂದು ಗಾಲಿಗೆ ಸಾವಿರ. ನಿಂತಾಗ ಆರು ಇಂಚು ಕುಸಿಯಲಿ ಅಂದರೆ ಸ್ಪ್ರಿಂಗ್ ಅಡಿಗೆ 2,000 ಪೌಂಡ್, ಪುಟಿತ ತಡೆಯುವ ಡ್ಯಾಂಪಿಂಗ್ 250ರ ಸುತ್ತ. ಯಾರೋ ಹೇಳಿದರೆಂದು ಡ್ಯಾಂಪಿಂಗ್ 10,000 ಕೊಟ್ಟೆ. ಸೆಕೆಂಡಿಗೆ 120 ಸಲ ನಡೆಯುವ ಲೆಕ್ಕ ಅದನ್ನು ತಾಳಲಿಲ್ಲ. ತೆರೆದ ಕೂಡಲೇ ಪೆಟ್ಟಿಗೆ ಆಕಾಶಕ್ಕೆ ಚಿಮ್ಮಿತು. ಬಾಲಗಾಲಿಯ ವಿಮಾನದಲ್ಲಿ ಮುಂದಿನ ಗಾಲಿ ಗುರುತ್ವ ಕೇಂದ್ರಕ್ಕಿಂತ ಮುಂದಿರಬೇಕು. ಮೈ ಸಮತಲವಾಗಿದ್ದಾಗ ಗಾಲಿ ನೆಲ ಮುಟ್ಟುವಲ್ಲಿಂದ ಕೇಂದ್ರಕ್ಕೆ ಎಳೆದ ಗೆರೆ ಸುಮಾರು 15 ಡಿಗ್ರಿ ಹಿಂದಕ್ಕೆ ವಾಲಲಿ. ಕಡಿಮೆಯಾದರೆ ಬ್ರೇಕಿಗೆ ಮುಗ್ಗರಿಸುತ್ತದೆ, ಹೆಚ್ಚಾದರೆ ನೆಲದ ಮೇಲೆ ಗಿರಕಿ ಹೊಡೆಯುತ್ತದೆ.

ಪೆಟ್ಟಿಗೆ ಸರಿಯಾಗಿ ಇಳಿದ ಮೇಲಷ್ಟೇ ಮೈ. ಹನ್ನೆರಡು ಮೂಲೆಯ ಸಿಲಿಂಡರ್, ಹದಿನಾಲ್ಕು ಅಡ್ಡಕೊಯ್ತ, ಅರ್ಧ ಮೈ ಕಟ್ಟಿ ಇನ್ನರ್ಧಕ್ಕೆ ಮಿರರ್. ಹೊರಮೈಗೆ ಎಂಟು-ಹತ್ತು ಸಾವಿರ ತ್ರಿಕೋನ ಸಾಕು. ಒಂದು ಗಾಲಿಗೇ ಆರು ಸಾವಿರ ಸುರಿದ ಮಾದರಿ ನೋಡಿದ್ದೇನೆ. ರಫ್ತು ಮಾಡುವ ಮುಂಚೆ ಅಳತೆ, ತಿರುವು ಎರಡನ್ನೂ ಅಪ್ಲೈ ಮಾಡಿ, ನಾರ್ಮಲ್ (ಪ್ರತಿ ತ್ರಿಕೋನ ಮುಖ ಮಾಡಿರುವ ದಿಕ್ಕು) ಹೊರಮುಖ ಮಾಡಿ. ಮರೆತರೆ ಸಿಮ್ಯುಲೇಟರಿನಲ್ಲಿ ಮೈ ಜರಡಿ. ಗಾಜಿನ ಭಾಗಗಳು ಫೈಲಿನಲ್ಲಿ ಕೊನೆಗೆ ಬರಲಿ, ಇಲ್ಲವಾದರೆ ಗಾಜಿನಾಚೆ ಪೈಲಟ್ ಮಾಯ.

ಬಣ್ಣ ಬಳಿಯಲು ಮೈಯನ್ನು ಚಪ್ಪಟೆ ಹಾಳೆಯಾಗಿ ಬಿಚ್ಚುವಾಗ, ಅಕ್ಷರ ಇರುವ ಜಾಗವನ್ನು ಮಿರರ್ ಅಪ್ಲೈ ಮಾಡಿದ ಮೇಲೆ ಬಿಚ್ಚಿ. ನನ್ನ ವಿಮಾನದ ಬಲಮೈಯಲ್ಲಿ ವಿಟಿ ಅನ್ನೋ ನೋಂದಣಿ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ಟೆಕ್ಸ್ಚರ್, ಅಂದರೆ ಮೈಗೆ ಹೊದಿಸುವ ಬಣ್ಣದ ಚಿತ್ರ, 2048 ಪಿಕ್ಸೆಲ್‌ನ ಒಂದೇ ಹಾಳೆ. ತುಂಡುಗಳ ನಡುವೆ ಎಂಟು ಪಿಕ್ಸೆಲ್ ಬಿಡದಿದ್ದರೆ ದೂರದಿಂದ ಅಂಚಿಗೆ ಬೇರೆ ಬಣ್ಣ ಸೋರುತ್ತದೆ. ತಿರುಗುವ ಪ್ರೊಪೆಲ್ಲರಿನ ಮಿಂಚು ಹೇಗೆ ಬಂತೆಂದು ಎಲ್ಲರೂ ಕೇಳುತ್ತಾರೆ. ಅದು ಸದ್ಯ ನನ್ನ ಹತ್ರಾನೇ ಇರಲಿ.

ಐಲೆರಾನ್ (ವಿಮಾನ ವಾಲಿಸುವ, ರೆಕ್ಕೆಯ ಹಿಂದಂಚಿನ ಪಟ್ಟಿ) ತಿರುಗಿಸಲು ಹಿಂಜಿನ ಎರಡು ತುದಿಯ ಬಿಂದು ಕೊಡಿ. ಒಂದೇ ಬಿಂದು ಕೊಟ್ಟು ನೇರ ಅಕ್ಷ ಹಾಕಿದರೆ ಓರೆ ಅಂಚು ರೆಕ್ಕೆಯಿಂದ ಕಿತ್ತು ಬರುತ್ತದೆ. ವಿಮಾನ ವಾಲುತ್ತಿದೆ, ಆದರೆ ಐಲೆರಾನ್ ಅಲುಗಾಡುತ್ತಿಲ್ಲ ಅಂದರೆ ಫ್ಲೈಟ್ ಕಂಟ್ರೋಲ್ ಭಾಗದಲ್ಲಿ ಐಲೆರಾನ್ ಎಷ್ಟು ತಿರುಗಿದೆ ಅಂತ ಹೇಳುವ pos-norm ಔಟ್‌ಪುಟ್ ಬರೆದಿಲ್ಲ ಅಂತ ಅರ್ಥ. ವಿಂಡೋಸ್‌ನಲ್ಲಿ ಓಡಿ ಲಿನಕ್ಸ್‌ನಲ್ಲಿ ಬಿಳಿ ವಿಮಾನ ಬಂದರೆ ಫೈಲ್ ಹೆಸರಿನ ದೊಡ್ಡಕ್ಷರ-ಚಿಕ್ಕಕ್ಷರ ನೋಡಿ.

ಖರ್ಚು: ಫ್ಲೈಟ್‌ಗಿಯರ್, ಬ್ಲೆಂಡರ್, ಚಿತ್ರ ತಿದ್ದುವ ಗಿಂಪ್ ಎಲ್ಲ ಪುಕ್ಕಟೆ. ಸೆಕೆಂಡ್ ಹ್ಯಾಂಡ್ ಕಾರ್ಡು ಆರು ಸಾವಿರದಷ್ಟು, ಜಾಯ್‌ಸ್ಟಿಕ್ ಮೂರೂವರೆ, ಕರೆಂಟ್ ಕೈಕೊಡುತ್ತದೆಂದು ಯುಪಿಎಸ್ ಇನ್ನೊಂದು ಮೂರು. ದಂಡವಾಗಿದ್ದು ರೆಡಿಮೇಡ್ ಮಾದರಿಗೆ ಕೊಟ್ಟ ಸಾವಿರದ ಎಂಟುನೂರು. ಎರಡು ಲಕ್ಷ ತ್ರಿಕೋನ, ಐಲೆರಾನ್ ರೆಕ್ಕೆಗೇ ಅಂಟಿಕೊಂಡಿತ್ತು. ಬಿಡಿಸುವ ಹೊತ್ತಿಗೆ ಹೊಸದನ್ನೇ ಕಟ್ಟಬಹುದಿತ್ತು.

ಎಂಜಿನ್ ಶಬ್ದಕ್ಕೆ ಟ್ರ್ಯಾಕ್ಟರಿನ ಸದ್ದು ರೆಕಾರ್ಡ್ ಮಾಡಿದೆ. ಮೊದಲು ಸಿಕ್ಕಿದ್ದು ಮೂರು ಸಿಲಿಂಡರಿನದು, ಲಯವೇ ಬೇರೆ. ಸಿರಸ್ ನಾಲ್ಕು ಸಿಲಿಂಡರ್, ಸುತ್ತಿಗೆ ಎರಡು ಬಡಿತ. ನಾಲ್ಕು ಸಿಲಿಂಡರಿನ ಟ್ರ್ಯಾಕ್ಟರ್ 1,500 ಸುತ್ತಿನಲ್ಲಿ ಸೆಕೆಂಡಿಗೆ 50 ಬಡಿತ ಕೊಡುತ್ತದೆ. ಅದರ ವೇಗ ಒಂದೂವರೆಪಟ್ಟು ಮಾಡಿದರೆ 2,250 ಸುತ್ತಿನ ಸದ್ದು. ಮೋನೋದಲ್ಲೇ ಉಳಿಸಿ, ಸ್ಟೀರಿಯೋ ಇಟ್ಟರೆ ವಿಮಾನ ದೂರ ಹೋದರೂ ಸದ್ದು ಕಿವಿಯಲ್ಲೇ ಇರುತ್ತದೆ.

ಕೊನೆಯ ಪರೀಕ್ಷೆ ನಮ್ಮೂರಿನದೇ. ಹುಬ್ಬಳ್ಳಿ ನಿಲ್ದಾಣ ಸಮುದ್ರ ಮಟ್ಟದಿಂದ ಸುಮಾರು 660 ಮೀಟರ್ ಎತ್ತರ. ಹವೆ 38 ಡಿಗ್ರಿಗೆ ಇಟ್ಟರೆ ಗಾಳಿ 5,000 ಅಡಿ ಮೇಲಿನಷ್ಟು ತೆಳು. ಚಳಿಗಾಲದ ಬೆಳಗ್ಗೆ ಏಳುವ ಮುಂಚಿನ ರನ್‌ವೇ ಓಟಕ್ಕಿಂತ ಈ ಓಟ ಎದ್ದು ಕಾಣುವಷ್ಟು ಉದ್ದವಾಗಬೇಕು. ಆಗದಿದ್ದರೆ ಎಂಜಿನ್ ಫೈಲ್ ಸುಳ್ಳು ಹೇಳುತ್ತಿದೆ. ತೂಕವೋ ಎಂಜಿನ್ನೋ ಬದಲಿಸಿದಾಗೆಲ್ಲ ನಾನು ಇವತ್ತಿಗೂ ಮೊದಲು ಏರಿಸುವುದು ಆ ಪೆಟ್ಟಿಗೆಯನ್ನೇ, ಬಣ್ಣ ಬಳಿದ ಎಚ್‌ಟಿ-2 ಆಮೇಲೆ.